ಆಯಿ ದೃಷ್ಟಿ ತೆಗೆದ ಗುಡ್ಡ

ನಿನ್ನೆ ಸಂಜೆ ಪಕ್ಕದ ಮನೆಯವರು ಮಗುವಿಗೆ ದೃಷ್ಟಿ ತೆಗೆದು ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರು. ಘಾಟು ಕಿಟಕಿಯಿಂದ ಒಳಗೆ ಬಂದದ್ದೇ ತಡ, ಕೆಮ್ಮುತ್ತಲೇ ನನಗೆ ನಗು ಬಂತು. ಬೀದರಿನ ಚಿದ್ರಿಯಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಆಯಿ ನೆನಪಾದಳು...

ಆಗ ನಾನು ಸಂಶೋಧನೆಗೆ ಹಿಡಿದದ್ದು ದೂರದ ದ್ವೀಪವೊಂದರ ಜ್ವಾಲಾಮುಖಿಯನ್ನು. ಭಾಲ್ಕಿಯಲ್ಲಿ ಹುಟ್ಟಿದ ನಾನು ಸಮುದ್ರವನ್ನೇ ಕಂಡವಳಲ್ಲ. ಎಲ್ಲ ಅಧ್ಯಯನ ಉಪಗ್ರಹದ ಚಿತ್ರಗಳಲ್ಲೇ. ದ್ವೀಪದ ಮೇಲೋ ಸದಾ ಮೋಡ. ಗುಡ್ಡದ ಬಾಯಿ ಒಮ್ಮೆಯಾದರೂ ಸ್ಪಷ್ಟವಾಗಿ ಕಾಣದಿದ್ದರೆ ವಿಷಯವನ್ನೇ ಬಿಟ್ಟುಬಿಡು ಎಂದು ನನ್ನ ಗೈಡ್ ಹೇಳಿಬಿಟ್ಟಿದ್ದರು. ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುವುದರಲ್ಲಿತ್ತು.

ಆಯಿ ಔರಾದ ಕಡೆಯವಳು, ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ದಿನಾ ರೊಟ್ಟಿ ಕೊಡಲು ಬಂದಾಗ ಬಾಗಿಲಲ್ಲೇ ಕೇಳುತ್ತಿದ್ದಳು, "ಏನವ್ವಾ, ಇವತ್ತರ ನಿನ್ನ ಗುಡ್ಡ ಮಾರಿ ತೋರಿಸ್ತೇನು?"

"ಇಲ್ಲ ಆಯಿ, ಇವತ್ತೂ ಮೋಡ."

"ಹಗಲೆಲ್ಲಾ ಹಂಗ ಕಣ್ಣು ಪಿಳುಕಿಸದ ನೋಡಿದ್ರ ಯಾರರ ಮುಸುಕು ತೆಗೀತಾರೇನು? ನಿನ್ನ ದೃಷ್ಟೀನೇ ಆಗ್ಯದ ಅದಕ್ಕ!"

ಒಂದು ಅಮಾವಾಸ್ಯೆಯ ದಿನ ಉಪ್ಪು, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದೇಬಿಟ್ಟಳು. ನನ್ನ ಲ್ಯಾಪ್‌ಟಾಪಿಗೆ ನಿವಾಳಿಸಿ ಒಲೆಗೆ ಹಾಕಿದಳು. ನಾನು ಕಣ್ಣು ಮೂಗಿನಲ್ಲಿ ನೀರು ಸುರಿಸುತ್ತಿದ್ದರೂ ಅವಳದು ಒಂದೇ ತೀರ್ಪು: "ನೋಡಿದೇನು, ಘಾಟೇ ಬರ್ಲಿಲ್ಲ. ಅಷ್ಟು ಆಗಿತ್ತು ದೃಷ್ಟಿ!"

ಮೋಡ ಅದಕ್ಕೇನೂ ಅಂಜಲಿಲ್ಲ. ನಾನು ಗಂಟುಮೂಟೆ ಕಟ್ಟುವ ಯೋಚನೆಯಲ್ಲಿದ್ದಾಗ, ತಿಂಗಳುಗಳ ನಂತರ, ಒಂದು ಬೆಳಿಗ್ಗೆ ಚಿತ್ರ ನಿಚ್ಚಳವಾಗಿ ಬಂತು. ಸುತ್ತ ಹಿಮ, ನಡುವೆ ಕೆಂಪು ಚುಕ್ಕೆ: ಕುದಿಯುವ ಲಾವಾ. ನಾನು ಕೂಗಿದ ಕೂಗಿಗೆ ಆಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಎಲ್ಲ ತನ್ನಿಂದಲೇ ಎಂದು ಜಂಬ ಕೊಚ್ಚುತ್ತಾಳೆ ಅಂದುಕೊಂಡೆ. ಅವಳು ಪರದೆಯತ್ತ ಬಗ್ಗಿ ಕೇಳಿದಳು,

"ಅಲ್ಲಿ ಮಂದಿ ಅದಾರೇನು?"

"ಒಬ್ಬರೂ ಇಲ್ಲ ಆಯಿ."

"ಅಯ್ಯ ನನ್ನವ್ವಾ... ಹೊಟ್ಟ್ಯಾಗ ಇಷ್ಟು ಬೆಂಕಿ ಇಟ್ಕೊಂಡು ಒಬ್ಬಾಕಿನೇ ಕುಂತಾಳಲ್ಲ!"

ಕೈ ತೊಳೆಯಲು ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ...

ಆ ಚಿತ್ರದಿಂದಲೇ ನನ್ನ ಪದವಿ ಮುಗಿಯಿತು, ಭಾಲ್ಕಿಯ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಆಯಿ ತೀರಿಕೊಂಡು ಕೆಲವು ವರ್ಷಗಳಾದವು.

ಕಳೆದ ವಾರದ ಚಿತ್ರದಲ್ಲಿ ಆ ಗುಡ್ಡ ಬಾಯಿಬಿಟ್ಟಿತ್ತು. ಲಾವಾ ಹಿಮದ ಮೇಲೆ ಹರಿದು ಕಡಲು ಮುಟ್ಟಿತ್ತು. ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಗಳಿಗೆ ಹೇಳಿದೆ. "ಮಂದಿ ಸತ್ತಾರೇನ್ರಿ?" ಎಂದರು. ಅಲ್ಲಿ ಯಾರೂ ಇಲ್ಲವೆಂದೆ. "ಹಂಗಾದ್ರ ಬಿಡ್ರಿ ಮೇಡಂ" ಎನ್ನುತ್ತ ಚಹಾಕ್ಕೆ ಎದ್ದರು. ಅವರದೇನೂ ತಪ್ಪಿಲ್ಲ, ಆದರೂ ನನಗೆ ಸಂಕಟವಾಯಿತು. ಆಯಿ ಇದ್ದಿದ್ದರೆ, "ಪಾಪ, ಈಗರ ಹಗುರಾದಳೇನು?" ಎಂದು ಕೇಳುತ್ತಿದ್ದಳು. ಹಾಗೆ ಕೇಳುವವರು ಈಗ ನನಗೆ ಯಾರೂ ಇಲ್ಲ.