ವಿಭೂತಿ ಬಳಿದ ವ್ಯಾನು

ಆ ವ್ಯಾನಿನ ಮಾತು ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕೆ ತುಕ್ಕು ಹಿಡಿದಿತ್ತು ಅಂತಲ್ಲ. ಕಬ್ಬಿಣ ಅಂದ ಮೇಲೆ ತುಕ್ಕು ಹಿಡಿಯದೆ ಇರುತ್ತದೆಯೇ? ಆ ತುಕ್ಕಿನ ಮೇಲೆ ಅದನ್ನು ಮಾರಲು ನಿಂತವನು ಬಳಿದದ್ದೇನು, ಆಮೇಲೆ ಆಡಿದ ಮಾತೇನು, ನನ್ನ ಸಿಟ್ಟೆಲ್ಲ ಅದಕ್ಕೆ.

ನಾನು ಮಸ್ಕಿಯವಳು. ಮದುವೆ ಮನೆಗಳಿಗೆ ಹೋಗಿ ಜೋಳದ ರೊಟ್ಟಿ ಬಡಿಯುವುದು ನನ್ನ ಕೆಲಸ. ನನ್ನ ಜೊತೆ ಆರೇಳು ಹೆಂಗಸರಿದ್ದಾರೆ, ಕೆಲವರು ಸಂತೆಕಲ್ಲೂರಿನವರು. ಸಿಂಧನೂರು, ಲಿಂಗಸುಗೂರು, ಮುದಗಲ್, ಹಟ್ಟಿ, ಎಲ್ಲಿ ಕರೆದರೂ ಹೋಗುತ್ತೇವೆ. ಈಗಿನ ಮದುವೆಗಳಲ್ಲಿ ಎಷ್ಟೇ ಬಗೆಯ ಅಡುಗೆ ಮಾಡಿಸಿದರೂ ಬಿಸಿ ರೊಟ್ಟಿಯ ಮುಂದೆ ಮಂದಿ ಸಾಲು ಹಚ್ಚುತ್ತಾರೆ. ನಮ್ಮನ್ನು ಕರೆಸಿದವರೇ ಗಾಡಿ ಕಳಿಸಬೇಕು, ಕೆಲಸ ಮುಗಿದ ಮೇಲೆ ಮನೆ ಮುಟ್ಟಿಸಬೇಕು. ಇದು ನಮ್ಮ ಕಡೆ ಮೊದಲಿನಿಂದ ನಡೆದು ಬಂದ ಪದ್ಧತಿ. ಎಂಥ ಗಾಡಿ ಅನ್ನುವುದನ್ನು ಮಾತ್ರ ಯಾರೂ ಮಾತಾಡಿಕೊಂಡಿಲ್ಲ. ಹಾಗಾಗಿ ಅವತ್ತು ಅವರ ಕೈಗೆ ಯಾವುದು ಸಿಕ್ಕಿತೋ ಅದು ಬಂದು ನಿಲ್ಲುತ್ತದೆ. ಒಮ್ಮೆ ಶಾಮಿಯಾನದ ಕಂಬ ಹೇರಿದ ಟೆಂಪೊ, ಇನ್ನೊಮ್ಮೆ ಭತ್ತದ ಹೊಟ್ಟು ಗುಡಿಸದ ಟ್ರ್ಯಾಕ್ಟರ್ ಟ್ರೇಲರ್. ಹೆಂಚು, ಹಿಟ್ಟು ನಾದುವ ಪರಾತ, ಹಿಟ್ಟಿನ ಚೀಲಗಳ ನಡುವೆ ನಾವೂ ಒಂದು ಸಾಮಾನು.

ನಮ್ಮಲ್ಲಿ ಒಬ್ಬಳು ಹಿರಿಯಳು. ಅವಳಷ್ಟು ತೆಳ್ಳಗೆ ರೊಟ್ಟಿ ಬಡಿಯುವವರು ಈ ಸುತ್ತಿನಲ್ಲಿಲ್ಲ, ಆದರೆ ಮೊಣಕಾಲು ಹಿಡಿದುಕೊಂಡಿದೆ. ಅವಳನ್ನು ಟ್ರೇಲರಿಗೆ ಹತ್ತಿಸಬೇಕಾದರೆ ಮೇಲಿನವರು ರಟ್ಟೆ ಹಿಡಿದು ಎಳೆಯಬೇಕು, ಕೆಳಗಿನವರು ದೂಡಬೇಕು. ಸೀರೆ ಎಲ್ಲಿ ಹೋಯಿತು ಅಂತ ನೋಡಿಕೊಳ್ಳಲು ಅವಳಿಗೆ ಕೈ ಬಿಡುವಿರುವುದಿಲ್ಲ. ಸುತ್ತ ನಿಂತ ಗಂಡಸರಿಗೆ ಅದೊಂದು ತಮಾಷೆ. ಹತ್ತಿ ಕೂತ ಮೇಲೆ ಅವಳು ಬಹಳ ಹೊತ್ತು ನಮ್ಮ ಯಾರ ಮುಖವನ್ನೂ ನೋಡುವುದಿಲ್ಲ. ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಮೆಟ್ಟಿಲು ಹತ್ತಿ ಸೀಟಿನ ಮೇಲೆ ಕೂತು ಹೋಗುವ ಗಾಡಿಯೊಂದು ನಮ್ಮದೇ ಇರಲಿ ಅಂತ ನಿಶ್ಚಯ ಮಾಡಿದೆ.

ಹೊಸದು ನಮ್ಮ ಕೈಗೆ ಎಟಕುವಂಥದ್ದಲ್ಲ. ಸಿಂಧನೂರಿನ ಹೊರಗೆ ಹಳೆ ಗಾಡಿ ಮಾರುವವನೊಬ್ಬನ ಹತ್ತಿರ ಒಂದು ಹಳೇ ಕಾಲದ ವ್ಯಾನು ಇದೆ ಅಂತ ನನ್ನ ತಮ್ಮ ಸುದ್ದಿ ತಂದ. ಗಾಡಿ ಓಡಿಸಲು ಬರುವುದು ಅವನಿಗೆ, ಹಾಗಾಗಿ ಅವನನ್ನೇ ಕರೆದುಕೊಂಡು ಹೋದೆ. ಅವತ್ತು ಅಮಾವಾಸ್ಯೆಯ ಮರುದಿನ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿಗಳಿಗೆಲ್ಲ ಪೂಜೆ ನಡೆಯುತ್ತದೆ. ಅಂಥ ದಿನ ನೋಡಿ ಹಳೆ ಗಾಡಿ ನೋಡಲು ಹೋಗಬಾರದು ಅನ್ನುವುದು ನನಗೆ ಆಮೇಲೆ ತಿಳಿಯಿತು.

ವ್ಯಾನು ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಮುಂದೆ ನಿಂಬೆಹಣ್ಣು, ಗಾಜಿನ ಮೇಲೆ ಕುಂಕುಮ, ಮೈತುಂಬ ಅಗಲ ಅಗಲ ವಿಭೂತಿ ಪಟ್ಟೆ. ಮಾರುವವನ ಹಣೆಯ ಮೇಲೂ ಅಷ್ಟೇ ಅಗಲದ ಪಟ್ಟೆ. ರೊಟ್ಟಿ ಮಾಡುವ ನಮಗೆ ಓಡಾಡಲು ಗಾಡಿ ಬೇಕು ಅಂತ ತಮ್ಮ ಮೊದಲೇ ಹೇಳಿದ್ದ, ಆದರೂ ಅವನು ನನ್ನನ್ನು ದಾಟಿ ತಮ್ಮನ ಹತ್ತಿರ ಹೋಗಿ ಶುರು ಹಚ್ಚಿಕೊಂಡ.

"ನೋಡ್ರಿ ಅಣ್ಣಾರ, ಅಸಲಿ ಹಳೇ ಮಾಲು. ಇಂಥಾ ದಪ್ಪ ತಗಡು ಈಗಿನ ಗಾಡಿಗೆ ಎಲ್ಲಿ ಹಾಕ್ತಾರ? ದೊಡ್ಡ ಊರಿನ ಮಂದಿ ಇದಕ್ಕ ವಿಂಟೇಜ್ ಅಂತ ಹುಡುಕ್ಕೊಂಡು ಬರಾಕತ್ತಾರ."

"ಬ್ರೇಕ್ ಯಾವಾಗ ಮಾಡಿಸೀರಿ?" ಅಂತ ನಾನು ಕೇಳಿದೆ.

"ಹೋದ ತಿಂಗಳ ಮಾಡಿಸೀವ್ರಿ ಅಣ್ಣಾರ."

"ಹಿಂದ ತಳ ಹೆಂಗೈತಿ?"

"ಭಾಳ ಗಟ್ಟಿ ಐತ್ರಿ ಅಣ್ಣಾರ."

ಕೊಳ್ಳುವವಳು ನಾನು, ಕೇಳುವವಳು ನಾನು, ಉತ್ತರ ಮಾತ್ರ ತಮ್ಮನಿಗೆ. ಅವನೋ, ಎಲ್ಲ ಗೊತ್ತಿದ್ದವನ ಹಾಗೆ ಗೋಣು ಹಾಕುತ್ತಿದ್ದ. ನಾನು ಇಬ್ಬರನ್ನೂ ಬಿಟ್ಟು ವ್ಯಾನಿನ ಸುತ್ತ ಹೊರಟೆ. ಬಾಗಿಲು ಎತ್ತಿ ಹಿಡಿದರೆ ಮಾತ್ರ ಹಾಕಿಕೊಳ್ಳುತ್ತಿತ್ತು. ಸೀಟಿನ ಸ್ಪಂಜು ಹೊರಗೆ ಬಂದಿತ್ತು. ಇರಲಿ, ಇವೆಲ್ಲ ರಿಪೇರಿಯ ಮಾತು. ಕಬ್ಬಿಣ ನೋಡುವುದು ನನಗೆ ಹೆಂಚಿನಿಂದ ಬಂದ ಅಭ್ಯಾಸ. ಹೆಂಚಿಗೆ ಮೇಲೆ ಹತ್ತಿದ ತುಕ್ಕು ಉಜ್ಜಿದರೆ ಹೋಗುತ್ತದೆ. ಒಳಗೆ ತಿಂದುಹೋದ ಹೆಂಚನ್ನು ಬೆರಳಿನ ಗೆಣ್ಣಿನಿಂದ ಬಡಿದರೆ ಸದ್ದೇ ಬೇರೆ. ವ್ಯಾನಿನ ಮುಂಭಾಗ ಬಡಿದೆ, ಖಣಖಣ ಅಂದಿತು. ಹಾಗೇ ಬಡಿಯುತ್ತ ಹಿಂದಿನ ಚಕ್ರದ ಹತ್ತಿರ ಬಂದೆ. ಅಲ್ಲಿ ವಿಭೂತಿ ಎಲ್ಲಕ್ಕಿಂತ ದಪ್ಪ. ಬಡಿದರೆ ಸದ್ದೇ ಇಲ್ಲ.

ಆಗ ಅವನಿಗೆ ಮೊದಲ ಸಲ ನಾನು ಕಣ್ಣಿಗೆ ಬಿದ್ದೆ.

"ಏ ಅಕ್ಕಾರ, ಪೂಜಿ ಆಗಿರೋ ಗಾಡಿ ಐತ್ರಿ. ನಿನ್ನಿ ಅಮಾಸಿ ಪೂಜಿ ಮಾಡೀವಿ. ವಿಭೂತಿ ಮ್ಯಾಲ ಹಂಗ ಕೈ ಹಾಕಬಾರದ್ರಿ."

"ಬ್ಯಾಡ ಬಿಡಕ್ಕ," ಅಂದ ತಮ್ಮ.

ವಿಭೂತಿಯ ವಿಷಯ ನನಗೆ ಹೇಳುತ್ತಾನೆ! ನಮ್ಮ ಮನೆಯಲ್ಲಿ ಲಿಂಗ ತೊಳೆಯದೆ, ಹೊಸ ವಿಭೂತಿ ಹಚ್ಚದೆ ಬೆಳಗಿನ ಚಹಾ ಕೂಡ ಕುಡಿಯುವುದಿಲ್ಲ. ಸಿಟ್ಟು ನೆತ್ತಿಗೇರಿತ್ತು, ಆದರೂ ನಗುತ್ತಲೇ ಹೇಳಿದೆ.

"ನೀವು ನಿಮ್ಮ ಪೂಜಿ ಮಾಡೀರಿ. ತಗೊಳ್ಳೋಕಿ ನಾ, ನಾನೂ ಮಾಡೂದು ಬ್ಯಾಡೇನ್ರಿ? ಮೊದಲ ಮೈ ತೊಳದ ಆಮ್ಯಾಲ ವಿಭೂತಿ. ಒಂದು ಕೊಡ ನೀರು ಕೊಡ್ರಿ."

ಪೂಜೆ ಬೇಡ ಅಂತ ಅವನು ಯಾವ ಬಾಯಿಂದ ಹೇಳಿಯಾನು? ಹಣೆ ಒರೆಸಿಕೊಳ್ಳುತ್ತ ನಿಂತ. ತಮ್ಮ ನಲ್ಲಿಯಿಂದ ಕೊಡ ತುಂಬಿ ತಂದ. ನಾನು ಚಕ್ರದ ಮೇಲಿನ ಭಾಗಕ್ಕೆ ಸುರಿದು ಅಂಗೈಯಿಂದ ಉಜ್ಜಿದೆ. ವಿಭೂತಿ ಹಾಲಿನಂತೆ ಇಳಿದು ಹೋಯಿತು. ಅದರ ಕೆಳಗೆ ತೂತಿಗೆ ಮೆತ್ತಿದ್ದ ಪುಟ್ಟಿ ಚಕ್ಕೆ ಚಕ್ಕೆಯಾಗಿ ಎದ್ದು ಕೈಗೆ ಬಂತು. ಬೆರಳು ಒಳಗೆ ಹೋಯಿತು, ಆಮೇಲೆ ಅಂಗೈಯೂ ಹೋಯಿತು. ವ್ಯಾನು ಹತ್ತಿ ಹಿಂದಿನ ಸೀಟಿನ ಮುಂದೆ ಹಾಸಿದ್ದ ಮ್ಯಾಟು ಎತ್ತಿದೆ. ನಮ್ಮ ಹೆಂಗಸರು ಕಾಲಿಡಬೇಕಾದ ಜಾಗದಲ್ಲಿ ಕೆಳಗಿನ ನೆಲ ಕಾಣುತ್ತಿತ್ತು, ಎಣ್ಣೆ ಬಿದ್ದು ಕಪ್ಪಾದ ಮಣ್ಣು, ಒಣಗಿದ ಹುಲ್ಲು. ಸೀಟಿನ ಬೋಲ್ಟು ಕೂತಿದ್ದ ತಗಡು ಹಪ್ಪಳದ ಹಾಗೆ ಮುರಿಯುತ್ತಿತ್ತು.

ದೇವರ ವಿಭೂತಿಯನ್ನು ತೂತು ಮುಚ್ಚಲು ಬಳಿದವನು ನಾಚಿಕೊಂಡನೇ? ಇಲ್ಲ. ಮತ್ತೆ ತಮ್ಮನ ಕಡೆ ತಿರುಗಿದ.

"ಅದೇನ್ ದೊಡ್ಡದಲ್ರಿ ಅಣ್ಣಾರ. ಮ್ಯಾಲೊಂದು ಪ್ಲೈವುಡ್ ಬಡದ್ರ ಆತು. ಹಿಂದ ಕುಂದ್ರೋರು ಯಾರ್ರಿ, ರೊಟ್ಟಿ ಮಾಡೋ ಹೆಣ್ಮಕ್ಕಳ ಅಲ್ರಿ? ಅಕ್ಕಾರು ಮುಂದ ಕುಂದ್ರತಾರ. ಮುಂದ ಭಾಳ ಗಟ್ಟಿ ಐತಿ."

ನನ್ನ ತಮ್ಮ, ನನ್ನ ಒಡಹುಟ್ಟಿದವನು, ಅದಕ್ಕೂ ಗೋಣು ಹಾಕಿದ. "ಹೌದಕ್ಕ, ಪ್ಲೈವುಡ್ ಹಾಕಿದ್ರ ಸಾಕಾಕ್ಕೈತಿ."

"ರೊಟ್ಟಿ ಮಾಡೋಕಿ ನಾನೂ ಅದೀನಿ," ಅಂದೆ. ನನ್ನ ದನಿ ರಸ್ತೆಗೆ ಕೇಳಿಸಿರಬೇಕು, ಹೋಗುತ್ತಿದ್ದವರು ನಿಂತರು. "ಬರ್ರಿ, ನೀವು ಹಿಂದ ಕುಂದ್ರರಿ. ಇವ ಓಡಿಸ್ತಾನ. ಮಸ್ಕಿ ಮಟ ಹೋಗಿ ಬರೂನು. ನೀವು ಕುಂತ್ರ ನಾ ತಗೋತೀನಿ."

ಅವನು ನಕ್ಕ. "ನಾ ಯಾಕ ಅಲ್ಲಿ ಕುಂದ್ರಲ್ರಿ? ಅದೇನು ನಾ ಕುಂದ್ರೋ ಜಾಗಾನ?"

ಇನ್ನು ಅವನ ಜೊತೆ ಮಾತೇನಿತ್ತು? ಕೈ ತೊಳೆದುಕೊಂಡು ಬಸ್ಸು ಹಿಡಿದೆ. "ಎಷ್ಟು ಜೋರು ಮಾತಾಡಿದಿ ಅಕ್ಕ, ಮಂದಿ ನೋಡಾಕತ್ತಿದ್ರು," ಅಂತ ತಮ್ಮ ಬಸ್ಸಿನಲ್ಲಿ ಗೊಣಗಿದ. ನೋಡಲಿ ಅಂದೆ.

ಮುಂದಿನ ವಾರ ಲಿಂಗಸುಗೂರಿನಲ್ಲಿ ಒಂದು ದೊಡ್ಡ ಮನೆಯ ಮದುವೆ. ಬೆಳಿಗ್ಗೆ ನಮ್ಮ ಮನೆಯ ಮುಂದೆ ಟ್ರೇಲರ್ ಬಂದು ನಿಂತಿತು. ಹಿರಿಯಳು ಸೀರೆಯ ನಿರಿಗೆ ಬಿಗಿ ಮಾಡಿಕೊಳ್ಳುತ್ತ ಅದರ ಹತ್ತಿರ ಹೊರಟಿದ್ದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿ, ಡ್ರೈವರನಿಗೆ ಗಾಡಿ ತಿರುಗಿಸಲು ಹೇಳಿದೆ. ಅವನು ಹೋದದ್ದೇ ತಡ, ಮದುವೆ ಮನೆಯ ಯಜಮಾನರ ಫೋನು ಬಂತು.

"ಗಾಡಿ ಯಾಕ ವಾಪಸ್ ಕಳಿಸೀರಿ?"

"ಅದರಾಗ ಚೀಲ ಹೇರ್ರಿ. ನಮಗ ಕುಂದ್ರೋ ಗಾಡಿ ಬೇಕು. ಇಲ್ಲಂದ್ರ ರೊಟ್ಟಿ ಇಲ್ರಿ."

ಹೇಳಿಬಿಟ್ಟೆ, ಫೋನು ಇಟ್ಟೆ. ಈ ಮದುವೆ ಕೈಬಿಟ್ಟರೆ ಸುತ್ತಲಿನ ಮನೆಗಳೂ ನಮ್ಮನ್ನು ಕರೆಯುವುದು ಬಿಡುತ್ತವೆ. ಹೆಂಗಸರೆಲ್ಲ ನನ್ನನ್ನೇ ನೋಡುತ್ತ ಕೂತಿದ್ದರು. ಒಂದು ತಾಸಿಗೆ ಎರಡು ಕಾರು ಬಂದವು. ಹಿರಿಯಳು ತಾನೇ ಬಾಗಿಲು ಹಿಡಿದು, ನಿಧಾನಕ್ಕೆ, ಯಾರ ಕೈಯೂ ಮೈಗೆ ತಾಗದ ಹಾಗೆ ಒಳಗೆ ಕೂತಳು.

ಮದುವೆ ಮನೆ ಮುಟ್ಟಿದಾಗ ಯಜಮಾನರು ನಗುತ್ತಲೇ ಎದುರಿಗೆ ಬಂದರು. ಸಿಟ್ಟೇನೂ ಇರಲಿಲ್ಲ, ಒಳ್ಳೆಯವರೇ.

"ಇಷ್ಟ ತಾನ ಅಕ್ಕಾರ? ಮೊದಲ ಹೇಳಿದ್ರ ಮೊದಲಿಂದನ ಕಳಿಸ್ತಿದ್ವಿ. ಮನಿ ಮುಂದ ಕಾರು ಸುಮ್ನ ನಿಂತಿರ್ತಾವ."

ನಾವು ಹಿರಿಯಳನ್ನು ಟ್ರೇಲರಿಗೆ ಎಳೆದು ಹತ್ತಿಸುವಾಗೆಲ್ಲ ಅವು ಸುಮ್ಮನೆ ನಿಂತಿರುತ್ತಿದ್ದವಂತೆ. ನಾನು ಹೋಗಿ ಒಲೆ ಹಚ್ಚಿದೆ. ಸಿಟ್ಟಿಗೆ ಪೆಟ್ಟು ಜೋರಾಗಿ ಬಿತ್ತು. ಬಡಿದ ಮೊದಲ ರೊಟ್ಟಿ ಹರಿದುಹೋಯಿತು.