ಬೂದಿಯ ಮೇಲೆ ಒಂದು ಬಕೆಟ್ ನೀರು

ಜಿಡ್ಡು ಹಿಡಿದ ಬೂದಿಗೆ ನೀರು ಬಿದ್ದಾಗ ಏಳುವ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಬ್ರಷ್ಷು ಬಿಸಾಕಿ ಕೂತುಬಿಟ್ಟೆ. ಹಾಸನದಲ್ಲಿ ಮಗಳ ಮನೆಯ ತಾರಸಿ. ಹಿಂದಿನ ದಿನ ಅಳಿಯನ ಗೆಳೆಯರು ಇದ್ದಿಲ ಒಲೆಯ ಮೇಲೆ ಕೋಳಿ ಸುಟ್ಟು ತಿಂದು ಹೋಗಿದ್ದರು. ತಿಂದವರು ಅವರು, ತಿಕ್ಕುವವನು ನಾನು. ಅರ್ಧ ಗಂಟೆ ಉಜ್ಜಿದರೂ ಬೂದಿ, ಜಿಡ್ಡು ಸೇರಿ ಕರಿ ಹಿಟ್ಟಿನಂತೆ ಜಾಲರಿಗೆ ಮೆತ್ತಿಕೊಂಡಿತೇ ಹೊರತು ಬಿಡಲಿಲ್ಲ. ಆ ಸಿಟ್ಟಿನಲ್ಲೇ ಕಬಾಬಣ್ಣ ನೆನಪಾದರು...

ಚನ್ನರಾಯಪಟ್ಟಣದಲ್ಲಿ ಆಗ ನನ್ನದು ಜೆರಾಕ್ಸ್ ಅಂಗಡಿ, ಪಕ್ಕದ್ದೇ ಅವರ ಕಬಾಬ್ ಅಂಗಡಿ. ವ್ಯಾಪಾರ ಮುಗಿದ ಮೇಲೆ ಉಳಿದ ಕೆಂಡವನ್ನು ಬೂದಿಯೊಳಗೆ ಹೂತಿಡುತ್ತಿದ್ದರು. ಬೆಳಿಗ್ಗೆ ಅದನ್ನೇ ಊದಿ, ನಾಲ್ಕು ಇದ್ದಿಲು ಹಾಕಿ ಜಾಲರಿ ಕಾಯಿಸುವುದು, ಜಿಡ್ಡು ಕರಗುವಾಗ ತೆಂಗಿನ ನಾರಿನಿಂದ ಉಜ್ಜುವುದು. ನೀರು ಮಾತ್ರ ಸೋಕಿಸುತ್ತಿರಲಿಲ್ಲ. ಎರಕದ ಕಬ್ಬಿಣದ ಆ ಜಾಲರಿ ಅವರ ಅಪ್ಪನ ಕಾಲದ್ದು. ಬೂದಿಯೆಲ್ಲ ಹಾರಿ ಬಂದು ಕೂರುತ್ತಿದ್ದದ್ದು ನನ್ನ ಮೆಷಿನ್ನಿನ ಗಾಜಿನ ಮೇಲೆ.

“ಒಂದ್ ಬಕೆಟ್ ನೀರಾಕಿ ತೊಳುದ್ರೆ ನಿಮ್ಮ ಗಂಟೇನೋಯ್ತದಣ್ಣ?” ಅನ್ನುತ್ತಿದ್ದೆ.

“ನೀರಾಕುದ್ರೆ ಜಿಡ್ಡು ಓಗಕಿಲ್ಲ ಸಾ, ಕಬ್ಬಿಣ ಓಯ್ತದೆ.”

ದಿನವೂ ಇದೇ ಜಗಳ. ಜಗಳ ಮುಗಿಸಿ, ಇಬ್ಬರಿಗೂ ಟೀ ತರುತ್ತಿದ್ದವರೂ ಅವರೇ.

ಒಂದು ಬೆಳಿಗ್ಗೆ ನುಗ್ಗೇಹಳ್ಳಿಯ ಹೆಂಗಸೊಬ್ಬರು ಪಹಣಿಯ ನಕಲನ್ನು ನನ್ನ ಮುಂದೆ ಎಸೆದರು. “ಏನ್ ಸಾ ಇದು, ಎಸ್ರಿರೋ ಜಾಗ್ದಾಗೇ ಮಸಿ. ಆಪೀಸ್ನಾಗೆ ತಗಳಾಕಿಲ್ಲ.” ಪಿತ್ತ ನೆತ್ತಿಗೇರಿತು. ಪಕ್ಕಕ್ಕೆ ನುಗ್ಗಿದರೆ ಕಬಾಬಣ್ಣ ಇರಲಿಲ್ಲ, ಟೀಗೆ ಹೋಗಿದ್ದರು. ಒಲೆಯಲ್ಲಿ ಕಂಡದ್ದು ಬರೀ ಬೂದಿ. ಜಾಲರಿ ಆಗಲೇ ಕಾದಿದೆ ಅನ್ನುವ ಯೋಚನೆಯೂ ಇಲ್ಲದೆ ಬಕೆಟ್ ನೀರು ತಂದು ಸುರಿದುಬಿಟ್ಟೆ. ಠಪ್ ಅಂತ ಸದ್ದಾಯಿತು. ಆವಿ ಇಳಿದಾಗ ಜಾಲರಿ ಎರಡು ಹೋಳಾಗಿತ್ತು.

ಅವರು ಎರಡು ಲೋಟ ಹಿಡಿದು ಬಂದರು. ನೋಡಿದರು. ನನ್ನ ಲೋಟವನ್ನು ನನ್ನ ಮೇಜಿನ ಮೇಲಿಟ್ಟರು.

“ನಂಗೊಂದ್ ಮಾತು ಯೋಳ್ಬಾರ್ದಾಗಿತ್ತಾ ಸಾ,” ಅಂದರು. ಅಷ್ಟೇ.

ತಪ್ಪಾಯಿತು ಅನ್ನಲು ನನಗೇನು ಧಾಡಿ? ಆ ಮಸಿ ಹತ್ತಿದ ಕಾಗದ ತೋರಿಸಿ, “ನನ್ ಗಿರಾಕಿ ಕೈತಪ್ಪೋದ್ರಲ್ಲ, ಅದುಕ್ಕೇನಂತೀರಿ?” ಅಂತ ನಾನೇ ರೇಗಿದೆ.

ಮಾರನೇ ದಿನದಿಂದ ಅವರು ಒಲೆ ಹೊತ್ತುಕೊಂಡು ಹೋಗಿ ಹಿಂದಿನ ಚರಂಡಿ ಪಕ್ಕ ಉಜ್ಜತೊಡಗಿದರು. ಜಾಲರಿಯನ್ನು ತಂತಿಯಲ್ಲಿ ಬಿಗಿದಿದ್ದರು. ನನ್ನ ಗಾಜು ಚೊಕ್ಕಟವಾಗಿತ್ತು. ಟೀ ಬರುವುದು ನಿಂತಿತ್ತು. ಜಗಳಕ್ಕಾದರೂ ಬರಬಾರದೇ ಈ ಮನುಷ್ಯ ಅಂತ ಅದಕ್ಕೂ ನನಗೆ ಸಿಟ್ಟು... ಕೆಲವು ತಿಂಗಳಲ್ಲಿ ಅಂಗಡಿ ಕಿತ್ತುಕೊಂಡು ಅರಕಲಗೂಡಿಗೆ, ತಮ್ಮನ ಊರಿಗೆ ಹೊರಟುಹೋದರು. ಒಂದು ಹೊಸ ಜಾಲರಿ ಮಾಡಿಸಿ ಕೊಟ್ಟು, ತಪ್ಪಾಯಿತು ಅಂದು ಬರಬೇಕು ಅಂದುಕೊಂಡೇ ವರ್ಷಗಳನ್ನು ತಳ್ಳಿದೆ. ಇವತ್ತು ನಾಳೆ ಅನ್ನುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ತಾರಸಿಗೆ ಬಂದ ಮಗಳು ನನ್ನ ಮುಖ ನೋಡಿ ಏನಾಯಿತು ಅಂದಳು. ಇಷ್ಟನ್ನೂ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಕೇಳಿದವಳೇ ಎದ್ದಳು.

“ಅರಕಲಗೂಡು ಎಷ್ಟು ದೂರ ಅಪ್ಪಾ? ನಡಿ, ಈಗ್ಲೇ ಹೋಗಿ ಹೇಳಿ ಬರೋಣ.”

ಅವರು ತೀರಿಕೊಂಡು ಎರಡು ವರ್ಷವಾಯಿತು, ಹೊಳೆನರಸೀಪುರದ ಮದುವೆಯೊಂದರಲ್ಲಿ ಅವರ ತಮ್ಮ ಸಿಕ್ಕಿ ಹೇಳಿದರು ಅನ್ನುವುದನ್ನೂ ಅವಳಿಗೆ ಹೇಳಬೇಕಾಯಿತು.