ಶಂಖ ಊದುವ ತನಕ

ಆ ಮನೆಯಲ್ಲಿ ಲೆಪೆಕಾಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗಂಡನ ಮನೆಗೆ ಬಂದು ಬಾಳುವ ಹೆಣ್ಣನ್ನು ಸಮೋವಾದಲ್ಲಿ ನೊಫೋತಾನೆ ಅನ್ನುತ್ತಾರೆ. ಗಂಡನ ಕಡೆ ಇರುವವಳು ಎಂದಷ್ಟೇ ಅದರ ಅರ್ಥ. ಆದರೆ ಅದನ್ನು ಹೇಳುವ ಧಾಟಿ ಕೇಳಬೇಕು. "ನೊಫೋತಾನೆ, ಬೆಂಕಿ ಆರ್ತಿದೆ." "ನೊಫೋತಾನೆ, ಹಂದಿಗೆ ಹಾಕಿದ್ಯಾ?" ಎಲ್ಲರಿಗಿಂತ ಮೊದಲು ಎದ್ದು ಅಂಗಳದ ಎಲೆ ಗುಡಿಸಿ, ಕೋಕೋ ಕಾಯಿಸಿ, ಕೆಸುವಿನ ಗಡ್ಡೆ ಹೆರೆದು, ಕಾಯಿ ತುರಿದು ಹಾಲು ಹಿಂಡಿ, ಎಲ್ಲರೂ ಉಂಡೆದ್ದ ಮೇಲೆ ತಳದಲ್ಲಿ ಉಳಿದದ್ದನ್ನು ಬಳಿದು ತಿನ್ನುವವಳು ಅವಳು. ಇದಕ್ಕೆ ಸಂಪ್ರದಾಯ ಅನ್ನುತ್ತಾರೆ. ಸಂಪ್ರದಾಯವಂತೆ! ಬಡಿಸಿಕೊಂಡು ತಿನ್ನುವವರಿಗೆ ಹಾಗನ್ನಲು ಏನು ಕಷ್ಟ?

ಅತ್ತೆ ಸತ್ತು ವರ್ಷಗಳಾಗಿದ್ದವು. ಮನೆಯ ಮುಂದೆಯೇ ಅವರ ಸಮಾಧಿ, ಅದರ ಸಿಮೆಂಟಿನ ಮೇಲೆ ಲೆಪೆಕಾ ದಿನವೂ ಬಟ್ಟೆ ಒಣಹಾಕುತ್ತಿದ್ದಳು. ಆದರೆ ಅತ್ತೆಯ ಬೈಗುಳ ಅತ್ತೆಯ ಜೊತೆ ಮಣ್ಣಿಗೆ ಹೋಗಲಿಲ್ಲ. ಪಾತ್ರೆ ಕೈಜಾರಿದರೆ, "ಕೈಯಲ್ಲಿ ಏನು ತುಂಬ್ಕೊಂಡಿದ್ದೀಯೇ ದರಿದ್ರದವಳೇ" ಎಂದು ಲೆಪೆಕಾಳ ಬಾಯೇ ಲೆಪೆಕಾಳನ್ನು ಬೈಯುತ್ತಿತ್ತು. ಅನ್ನ ತಳ ಹಿಡಿದರೆ, "ಇಷ್ಟು ವರ್ಷ ಆಯ್ತು, ಒಂದು ಅನ್ನ ಮಾಡೋಕೆ ಬರಲ್ಲ, ನಿನ್ನ ಜನ್ಮಕ್ಕಿಷ್ಟು." ಮಳೆ ಬಂದು ಒಣಗಿದ ಬಟ್ಟೆ ನೆನೆದರೂ ತಪ್ಪು ಅವಳದೇ. ಅಡುಗೆ, ಕಸ, ಹಂದಿಗಳ ಜೊತೆಗೆ ಬೈಯುವ ಕೆಲಸವನ್ನೂ ಅವಳ ತಲೆಗೇ ಕಟ್ಟಿ ಮನೆಯವರು ಆರಾಮಾಗಿದ್ದರು.

ಮನೆಯವರು ಅಂದರೆ ಮುಖ್ಯವಾಗಿ ಫಿಲೋಮೆನಾ, ಗಂಡನ ಅಕ್ಕ. ಆ ದ್ವೀಪಗಳಲ್ಲಿ ಅಕ್ಕತಂಗಿಯರ ಮಾತನ್ನು ಗಂಡುಮಕ್ಕಳು ಮೀರುವಂತಿಲ್ಲ, ಅದು ದೇವರ ಮಾತಿನಷ್ಟೇ ಗಟ್ಟಿ. ಹಾಗಾಗಿ ಗಂಡ ಇಯೋಪು ಅಕ್ಕನೆದುರು ಬಾಯಿ ತೆರೆದವನಲ್ಲ. ಒಳ್ಳೆಯವನೇ, ಕೆಟ್ಟ ಮಾತಾಡಿದವನೂ ಅಲ್ಲ. ಒಳ್ಳೆಯವನಾಗಿದ್ದು ಹೆಂಡತಿಗೆ ಆದ ಉಪಕಾರ ಏನು ಎಂದು ಮಾತ್ರ ಯಾರೂ ಕೇಳಬಾರದು! ಫಿಲೋಮೆನಾಳಿಗೂ ಒಂದು ಕಾಲದಲ್ಲಿ ಮದುವೆಯಾಗಿತ್ತು. ಉಪೋಲು ದ್ವೀಪದಲ್ಲಿದ್ದ ಗಂಡನ ಊರಿನಿಂದ ಒಂದು ದಿನ ಬಟ್ಟೆಯ ಗಂಟು ಹಿಡಿದು ಬಂದವಳು ಮತ್ತೆ ಹೋಗಲಿಲ್ಲ. ಏಕೆಂದು ಅವಳು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಕಾಯಿ ತುರಿದು ತುರಿದು ಲೆಪೆಕಾಳ ಬಲಭುಜ ಹಿಡಿದುಕೊಂಡಿತು. ಕೈ ಎತ್ತಲಾಗದಿದ್ದರೆ ಅಡುಗೆ ನಿಲ್ಲುತ್ತದಲ್ಲ, ಅದಕ್ಕೇ ತವರಿಗೆ ಹೋಗಿ ತೋರಿಸಿಕೊಂಡು ಬರಲು ಫಿಲೋಮೆನಾ ಒಪ್ಪಿದಳು. ಬಸ್ಸಿಳಿದ ಕೂಡಲೇ ತಮ್ಮ ಓಡಿಬಂದು ಅಕ್ಕನ ಕೈಚೀಲ ಇಸಿದುಕೊಂಡ. ಮನೆಯಲ್ಲಿ ಒಳ್ಳೆಯ ಚಾಪೆ ಹಾಸಿ ಕೂರಿಸಿದರು, ಮೀನಿನ ಮೊದಲ ತುಂಡು ಅವಳಿಗೇ ಬಂತು. ಬೆಳಗ್ಗೆ ಆ ಊರಲ್ಲಿ ನಾಯಿಯ ಪಾಡು, ಮಧ್ಯಾಹ್ನ ಈ ಊರಲ್ಲಿ ರಾಣಿಯ ಮರ್ಯಾದೆ. ನಡುವೆ ಬದಲಾದದ್ದು ಬಸ್ಸಿನ ಸೀಟು ಮಾತ್ರ, ಹೆಂಗಸು ಅದೇ ಹೆಂಗಸು.

ಅವಳ ದೊಡ್ಡಮ್ಮ ಅಕೆನೆಸೆ ಮೈ ನೀವುವುದರಲ್ಲಿ ಹೆಸರಾದವಳು. ಹೂವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಹಚ್ಚಿ ಭುಜಕ್ಕೆ ಕೈಯಿಟ್ಟಳು. ಲೆಪೆಕಾ ಸುಮ್ಮನಿರಲಿಲ್ಲ.

"ಬಿಡು ದೊಡ್ಡಮ್ಮ, ಇದು ಭುಜ ಅಲ್ಲ, ಕಟ್ಟಿಗೆ. ಈ ಹಾಳು ಮೈಗೆ ಎಷ್ಟು ಎಣ್ಣೆ ಹಾಕಿದ್ರೂ ದಂಡ."

ಬೆನ್ನಿಗೆ ಫಟ್ಟನೆ ಒಂದು ಏಟು ಬಿತ್ತು.

"ಬಾಯ್ಮುಚ್ಚೇ! ನನ್ನ ಮನೇಲಿ ಕೂತು ನನ್ನ ತಂಗಿ ಮಗಳನ್ನ ಬೈಯೋಕೆ ಯಾರು ನೀನು?"

"ಅಯ್ಯೋ, ನನ್ನನ್ನ ನಾನೇ ಬೈಕೊಂಡೆ."

"ಅದೇ ನಾನೂ ಕೇಳ್ತಿರೋದು. ಬೇರೆ ಯಾರಾದ್ರೂ ಬೈದಿದ್ರೆ ನಿನ್ನ ತಮ್ಮ ದೊಣ್ಣೆ ಹಿಡ್ಕೊಂಡು ಹೋಗ್ತಿದ್ದ. ನೀನೇ ಬೈದ್ರೆ ಯಾರ ಮೇಲೆ ಕಳಿಸ್ಲಿ ಅವನನ್ನ? ಹೊಟ್ಟೆನೋವು ಅಂತ ಮಗು ತರ್ತಾರೆ. ಮೊದ್ಲು ಹೊಟ್ಟೆಗೆ ನಾಲ್ಕು ಬೈದು ಆಮೇಲೆ ತಿಕ್ತೀನಾ ನಾನು?"

ಲೆಪೆಕಾಳಿಗೆ ನಗು ಬಂತು, ನಗುತ್ತಲೇ ಅಳು ಬಂತು. ಅಕೆನೆಸೆ ಅಳಲು ಬಿಟ್ಟಳು. ಹೊರಡುವಾಗ ಒಂದು ಬಾಟಲಿ ಎಣ್ಣೆ ಕೈಗಿಟ್ಟು ಹೇಳಿದಳು:

"ಸಂಜೆ ಪ್ರಾರ್ಥನೆ ಮುಗಿದ್ರೂ ಕೊನೇ ಶಂಖ ಊದೋ ತನಕ ಯಾರೂ ಏಳೋ ಹಾಗಿಲ್ಲ ತಾನೇ? ನಿಮ್ಮ ಮನೆಯವರು ನಿನ್ನ ಎಲ್ಲಿಗೂ ಅಟ್ಟೋಕಾಗದೇ ಇರೋ ಹೊತ್ತು ಅದೊಂದೇ. ಆಗ ನಿನ್ನ ಕಾಲು ನೀನೇ ನೀವ್ಕೋ. ಮನೆಗೆ ಬಂದವರ ಹತ್ರ ಮಾತಾಡ್ತೀಯಲ್ಲ, ಹಾಗೆ ಮಾತಾಡು. ಆಮೇಲೆ ಬೇಕಿದ್ರೆ ಇಡೀ ರಾತ್ರಿ ಬೈಕೋ, ನಾನೇನೂ ಕೇಳಲ್ಲ."

ಸಂಜೆಯ ಆ ಪ್ರಾರ್ಥನೆಯ ಹೊತ್ತಿಗೆ ಸಾ ಅನ್ನುತ್ತಾರೆ. ಶಂಖ ಕೇಳಿದ ಕೂಡಲೇ ಇಡೀ ಊರು ಮನೆ ಸೇರಬೇಕು. ಲಾವಾಲಾವಾ ಪಂಚೆ ಸುತ್ತಿಕೊಂಡ ಯುವಕರು ರಸ್ತೆಯುದ್ದಕ್ಕೂ ಕಾವಲು ನಿಲ್ಲುತ್ತಾರೆ, ಕೊನೆಯ ಶಂಖದವರೆಗೆ ಒಂದು ನರಪಿಳ್ಳೆಯೂ ಅಲ್ಲಾಡುವಂತಿಲ್ಲ. ಗಂಡನ ಮನೆಗೆ ಮರಳಿದ ಲೆಪೆಕಾ ಹಿಂದಿನ ಕಂಬದ ಬಳಿ, ಹಿರಿಯರ ಕಡೆ ಪಾದ ತೋರದಂತೆ ಹೊರಗೆ ಮುಖ ಮಾಡಿ ಕೂತು ಎಣ್ಣೆ ತೆಗೆದಳು. ಮೊದಲ ದಿನ ಬಾಯಿಂದ ಬಂದದ್ದು, "ನೋಡು ಹಿಮ್ಮಡಿ, ಎಮ್ಮೆ ಗೊರಸು." ತನ್ನ ಬಗ್ಗೆ ಹೇಳಲು ಒಂದು ಒಳ್ಳೆಯ ಮಾತೂ ಅವಳಲ್ಲಿ ಇರಲಿಲ್ಲ. ಇಷ್ಟು ವರ್ಷ ಎಷ್ಟು ಜನರ ಹೊಟ್ಟೆ ತುಂಬಿಸಿದವಳು, ತನಗೊಂದು ಒಳ್ಳೆಯ ಮಾತಿಗೆ ತಡಕಾಡಬೇಕಾಯಿತು!

ಕೊನೆಗೆ ಅವಳಿಗೆ ನಿರರ್ಗಳವಾಗಿ ಬರುತ್ತಿದ್ದ ಒಂದೇ ಬಗೆಯ ಸವಿಮಾತು ನೆನಪಾಯಿತು. ಊರಿನ ಮುಖಂಡರು ಬಂದಾಗ ಬಾಗಿ ಆಡುವ ಮಾತು. "ತಾವು ದಣಿದು ಬಂದಿದ್ದೀರಿ," ಅಂದಳು ಬಲಗಾಲಿಗೆ, ಮೆಲ್ಲಗೆ. "ದಯಮಾಡಿಸಿ. ತಮ್ಮ ಪಾದಗಳಿಗೆ ಸ್ವಲ್ಪ ವಿಶ್ರಾಂತಿಯಾಗಲಿ." ಮೈ ಬಿಸಿಯಾಗುವಷ್ಟು ನಾಚಿಕೆಯಾಯಿತು. ಮರುದಿನವೂ ಅಂದಳು. ದಿನಗಳು ಕಳೆದಂತೆ ನಾಚಿಕೆ ಕಡಿಮೆಯಾಯಿತು. ಒಮ್ಮೆ ಬೆಳಗ್ಗೆ ಕೋಕೋ ಉಕ್ಕಿ ಒಲೆಗೆ ಸುರಿದಾಗ, "ದರಿದ್ರ..." ಎಂದು ಬಾಯಿಗೆ ಬಂದದ್ದು ಅರ್ಧಕ್ಕೇ ನಿಂತಿತು. ಲೆಪೆಕಾ ಸೌಟು ಹಿಡಿದು ಸುತ್ತ ನೋಡಿದಳು, ಯಾರೋ ಬಾಯಿ ಮುಚ್ಚಿಸಿದಂತಿತ್ತು.

ಗೋಡೆಯಿಲ್ಲದ ಮನೆ. ಫಿಲೋಮೆನಾಳ ಕಿವಿಗೆ ಬೀಳದೆ ಇರುತ್ತದೆಯೇ? ತನಗೆ ತಾನೇ ಗೌರವದ ಮಾತು ಬಳಸುವುದು ಅಲ್ಲಿ ನಗೆಪಾಟಲು. ಊರಿನ ದೊಡ್ಡ ಮುಖಂಡನೂ ತನ್ನ ಕಾಲನ್ನು ಬರೀ ಕಾಲು ಅನ್ನುತ್ತಾನೆ. ಅಂಥದ್ದರಲ್ಲಿ ಒಬ್ಬ ನೊಫೋತಾನೆ! ಮರುದಿನ ಹೆಂಗಸರೆಲ್ಲ ಕೇದಗೆ ಚಾಪೆ ಹೆಣೆಯುವ ಮನೆಯಲ್ಲಿ ಫಿಲೋಮೆನಾ ಕಥೆ ಬಿಚ್ಚಿದಳು. ಧ್ವನಿಯನ್ನೂ ಅಣಕಿಸಿದಳು. ಲೆಪೆಕಾ ಒಳಗೆ ಬರುವಾಗ ಒಬ್ಬಳು, "ದಾರಿ ಬಿಡ್ರೇ ದಾರಿ ಬಿಡ್ರೇ, ಮಹಾಪಾದಗಳು ಬಂದ್ವು!" ಅಂದಳು. ಇನ್ನೊಬ್ಬಳು, "ಹಿಮ್ಮಡಿಯವರು ಕ್ಷೇಮವೇ?" ಅಂದಳು. ಹೆಣೆಯುತ್ತಿದ್ದ ಕೈಗಳೆಲ್ಲ ನಿಂತವು, ಮನೆಯೇ ಹಾರಿಹೋಗುವಂತೆ ನಕ್ಕರು. ನಕ್ಕವರಲ್ಲಿ ಅರ್ಧ ಜನ ತಾವೂ ನೊಫೋತಾನೆಯರೇ! ಅವರ ಹಿಮ್ಮಡಿಗಳೇನು ಹತ್ತಿಯಂತಿದ್ದವೇ? ನಾಚಿಕೆಯಾಗಬೇಕಿದ್ದದ್ದು ಅವರಿಗೆ, ತಲೆ ತಗ್ಗಿಸಿದ್ದು ಮಾತ್ರ ಲೆಪೆಕಾ.

ಬಾಟಲಿ ತೊಲೆಯ ಮೇಲೆ ಹೋಯಿತು. ಹಳೆಯ ಬಾಯಿ ಬಡ್ಡಿ ಸಮೇತ ಮರಳಿತು. "ರಾಣಿ ಆಗೋಕೆ ಹೋಗಿದ್ಯಾ? ಆಯ್ತಾ ಮಂಗಳಾರತಿ?" ಎನ್ನುತ್ತ ಕಾಯಿ ತುರಿದಳು, ಗುಡಿಸಿದಳು, ಹಾಗೆನ್ನುತ್ತಲೇ ಮಲಗಿದಳು. ಭುಜ ಮತ್ತೆ ಬಿಗಿದುಕೊಂಡಿತು. ಇಷ್ಟರಲ್ಲೇ ನಿಲ್ಲದೆ ಫಿಲೋಮೆನಾ ಹೊಸದೊಂದು ಶುರುಮಾಡಿದಳು: ಪ್ರಾರ್ಥನೆ ಮುಗಿದ ಕೂಡಲೇ ಲೆಪೆಕಾ ಹಿತ್ತಲಿನ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಡಬೇಕು. ರಸ್ತೆಯಲ್ಲಿ ನಿಂತವರಿಗೆ ಹಿತ್ತಲು ಕಾಣುವುದಿಲ್ಲವಲ್ಲ! ಇಡೀ ಊರಿಗೆ ಇದ್ದ ಬಿಡುವು ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ ಇಲ್ಲವಾಯಿತು.

ಕೆಲವು ಸಂಜೆ ಅವಳು ಹೋದಳು. ಒಂದು ಸಂಜೆ ಹಾಡು, ಪ್ರಾರ್ಥನೆ ಮುಗಿದಾಗ ಫಿಲೋಮೆನಾ ಬೀಸಣಿಗೆಯಿಂದಲೇ ಹಿತ್ತಲಿನ ಕಡೆ ತೋರಿಸಿದಳು. ಮಾತೂ ಇಲ್ಲ. ನಾಯಿಯನ್ನು ಅಟ್ಟುವಾಗಲಾದರೂ ಹಚಾ ಅನ್ನುತ್ತಾರೆ. ಲೆಪೆಕಾ ಎದ್ದಳು. ಎದ್ದು ತೊಲೆಗೆ ಕೈಚಾಚಿ ಬಾಟಲಿ ಇಳಿಸಿ, ತನ್ನ ಕಂಬದ ಬಳಿ ಹೋಗಿ ಕೂತಳು.

"ನೀರು," ಅಂದಳು ಫಿಲೋಮೆನಾ.

"ಶಂಖ ಊದಿಲ್ಲ ಅತ್ತಿಗೆ."

"ನಿನಗ್ಯಾತರ ಶಂಖ? ಊರವರ ಮುಂದೆ ನಗೆಗೀಡಾಗಿದ್ದು ಸಾಲ್ದಾ? ಏನು ಅಂದ್ಕೊಂಡಿದ್ದೀಯ ನಿನ್ನನ್ನ?"

"ಅದನ್ನೇ ಹೇಳ್ಕೊಡ್ತಿದ್ದೀನಿ ನನಗೆ," ಅಂದಳು ಲೆಪೆಕಾ. "ಅತ್ತಿಗೆ, ಉಪೋಲುವಿನಲ್ಲಿ ನಿಮ್ಮನ್ನ ಏನಂತ ಕರೀತಿದ್ರು?"

ಇಯೋಪು ತಲೆ ಎತ್ತಿದ. ಆ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಫಿಲೋಮೆನಾಳ ಬೀಸಣಿಗೆ ನಿಂತಿತು. ಅವಳ ಮುಖದಲ್ಲಿ ಸಿಟ್ಟು ಏರಿತು, ಇಳಿಯಿತು.

"ಕರೀತಿರಲಿಲ್ಲ," ಅಂದಳು. "ಕೈ ತೋರಿಸ್ತಿದ್ರು."

ಹೇಳಿದ ಮೇಲೆ ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನು ನೋಡಿ, ಅದನ್ನು ಚಾಪೆಯ ಮೇಲೆ ಕವುಚಿ ಹಾಕಿದಳು. ಕ್ಷಮಿಸು ಅನ್ನಲಿಲ್ಲ. ಅಷ್ಟು ಸುಲಭಕ್ಕೆ ಅನ್ನುವ ಹೆಂಗಸೂ ಅಲ್ಲ.

ಲೆಪೆಕಾ ಬಲಗಾಲಿಗೆ ಎಣ್ಣೆ ಹಚ್ಚಿದಳು. "ತಾವು ದಣಿದಿದ್ದೀರಿ," ಅಂದಳು, ಈ ಸಲ ಎಲ್ಲರಿಗೂ ಕೇಳುವಂತೆ. ದೂರದಲ್ಲಿ ಕೊನೆಯ ಶಂಖ ಮೊಳಗಿತು. ರಸ್ತೆಯಲ್ಲಿ ಮಕ್ಕಳ ಗಲಾಟೆ ಶುರುವಾಯಿತು. ದಿನವೂ ಆ ಸದ್ದಿಗೆ ಸ್ಪ್ರಿಂಗಿನಂತೆ ಏಳುತ್ತಿದ್ದವಳು ಎಡಗಾಲನ್ನು ಎಳೆದುಕೊಂಡಳು. ಅದಿನ್ನೂ ಬಾಕಿ ಇತ್ತು. ಇಯೋಪು ಅಕ್ಕನನ್ನು ನೋಡಿದ, ಹೆಂಡತಿಯನ್ನು ನೋಡಿದ, ಯಾರೂ ತನ್ನನ್ನು ನೋಡುತ್ತಿಲ್ಲವೆಂದು ತಿಳಿದು ಎದ್ದು ನೀರಿಡಲು ಹಿತ್ತಲಿಗೆ ಹೋದ. ಒಲೆ ಎಲ್ಲಿದೆ ಎಂದು ಗೊತ್ತಿತ್ತಲ್ಲ, ಪುಣ್ಯಾತ್ಮನಿಗೆ!

ಮುಚ್ಚಳ ತಿರುಗಿಸುವಾಗ ಲೆಪೆಕಾಳ ಎಣ್ಣೆಗೈ ಜಾರಿತು. ಬಾಟಲಿ ಮಗುಚಿ ಚಾಪೆಯ ಮೇಲೆ ಎಣ್ಣೆ ಹರಿಯಿತು. ಫಿಲೋಮೆನಾಳ ತುಟಿ ತೆರೆಯಿತು, ಮುಚ್ಚಿತು. ಲೆಪೆಕಾ ಆ ಹಳೆಯ ಬಾಯಿಗಾಗಿ ಕಾದಳು. ಅದು ಬರಲಿಲ್ಲ. ಅವಳು ಬಾಟಲಿಯನ್ನು ಎತ್ತಿ ನಿಲ್ಲಿಸಿ, ಚೆಲ್ಲಿದ್ದನ್ನು ಅಂಗೈಯಿಂದ ಬಳಿದು ಎಡಗಾಲಿಗೆ ಸವರಿದಳು.

"ಹೋಗಲಿ ಬಿಡಿ," ಅಂದಳು ಕಾಲಿಗೆ. "ಎಣ್ಣೆ ತಮ್ಮದೇ."